ಮೂರಡಿ ಸಂದಿ

ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಕಡೆ ಮನೆಯೊಳಗಿನ ಗೋಡೆಗೆ ಬೂಷ್ಟು ಹಿಡಿದರೆ ಜನ ಮೊದಲು ಪೇಂಟರನ್ನು ಕರೆಸುತ್ತಾರೆ. ಅವನು ಕೆರೆದು, ಪುಟ್ಟಿ ಮೆತ್ತಿ, ಎರಡು ಕೋಟ್ ಹೊಡೆದು ಹೋಗುತ್ತಾನೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಅದೇ ಕಪ್ಪು. ಆಮೇಲೆ ವಾಸ್ತು ನೋಡುವವರು ಬರುತ್ತಾರೆ. ಅಲ್ಲೂ ಗುಣ ಕಾಣದಿದ್ದರೆ ನನಗೆ ಫೋನು. ನಾನು ಡಿಪ್ಲೊಮಾ ಓದಿದ ಸಿವಿಲ್ ಕಂಟ್ರಾಕ್ಟರು; ಹೊಸ ಮನೆಗಿಂತ ಹಳೆ ಮನೆ ರಿಪೇರಿಯೇ ನನ್ನ ಹೊಟ್ಟೆಪಾಡು.

ಹೋದವನು ಗೋಡೆ ನೋಡುವುದು ಆಮೇಲೆ, ಮೊದಲು ಬಚ್ಚಲಿಗೆ ನುಗ್ಗುತ್ತೇನೆ. ವೆಂಟಿಲೇಟರಿನ ಗಾಜಿನ ಪಟ್ಟಿಗಳ ಚೌಕಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಇಲ್ಲವೇ ಸೊಳ್ಳೆ ಬರುತ್ತೆ ಅಂತ ಥರ್ಮಾಕೋಲ್ ತುರುಕಿರುತ್ತಾರೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದರ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ತಾರಸಿ ಹತ್ತಿ ನೋಡಬೇಕು. ಮೂರು ಅಂತಸ್ತಿನ ಬಚ್ಚಲುಗಳಿಗೆ ಒಂದೇ ಡಕ್ಟು. ಮಳೆನೀರು ಬೀಳದಿರಲಿ ಅಂತ ಆ ಡಕ್ಟಿನ ಬಾಯಿಗೆ ಶೀಟು ಹೊದಿಸಿ ಸುತ್ತ ಸಿಮೆಂಟು ಮೆತ್ತಿರುತ್ತಾರೆ. ಕೆಳಗಿನವರು ಸ್ನಾನ ಮಾಡಿದ ಹಬೆ ಮೇಲಿನವರ ಬಚ್ಚಲಿಗೆ, ಅಲ್ಲಿಂದ ರೂಮಿನ ಬೀರು ಹಿಂದಿನ ತಣ್ಣನೆ ಗೋಡೆಗೆ. ಬೂಷ್ಟು ಅಲ್ಲಿ ಏಳದೆ ಇನ್ನೆಲ್ಲಿ ಏಳಬೇಕು? ಶೀಟನ್ನು ಒಂದೂವರೆ ಅಡಿ ಮೇಲಕ್ಕೆತ್ತಿ ಸುತ್ತ ಮೆಶ್ ಕಟ್ಟಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಟ್ಟರೆ ಅರ್ಧ ಕಾಯಿಲೆ ವಾಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಚ್ಚಲಿಗೆ ಕನಿಷ್ಠ 0.37 ಚದರ ಮೀಟರ್ ತೆರೆದ ಕಿಂಡಿ ಇರಬೇಕು ಎನ್ನುತ್ತದೆ, ಅಂದರೆ ಹೆಚ್ಚುಕಡಿಮೆ ಎರಡಡಿಗೆ ಎರಡಡಿ. ನಮ್ಮ ಕಡೆ ಅಂಥದ್ದು ಕಂಡರೆ ನಾನು ಓನರಿಗೆ ಕೈಮುಗಿಯುತ್ತೇನೆ.

ಉಳಿದರ್ಧ ಕಾಯಿಲೆಗೆ ನನ್ನ ಬಳಿ ಮದ್ದಿಲ್ಲ, ಯಾಕೆಂದರೆ ಅದು ಮನೆಯೊಳಗಿಲ್ಲ. ರೂಮಿನ ಕಿಟಕಿ ತೆಗೆದು ಕೈಚಾಚಿದರೆ ಪಕ್ಕದ ಮನೆ ಗೋಡೆ ತಾಗುತ್ತದೆ. ಮಂಜೂರಾದ ನಕ್ಷೆಯಲ್ಲಿ ಇವರದು ಮೂರಡಿ, ಅವರದು ಮೂರಡಿ ಸೆಟ್‌ಬ್ಯಾಕ್ ಇದೆ. ಜಾಗದ ಮೇಲೆ ಇಬ್ಬರೂ ಸೇರಿ ಉಳಿಸಿರುವುದು ಬೆಕ್ಕು ನುಸುಳುವಷ್ಟು. ಮನೆಮಠ ಇಲ್ಲದೆ ಊರೂರು ಅಲೆದ ಸರ್ವಜ್ಞನ ಹೆಸರು ನಮ್ಮ ಈ ವಿಧಾನಸಭಾ ಕ್ಷೇತ್ರಕ್ಕೆ. ಅವನ ಹೆಸರಿನ ಊರಲ್ಲಿ ಒಂದಂಗುಲ ಬಿಡುವವರಿಲ್ಲ.

ವಾಸ್ತುವನ್ನು ನಾನು ಗೇಲಿ ಮಾಡುವವನಲ್ಲ. ಭೂಮಿಪೂಜೆ ಇಲ್ಲದೆ ಪಾಯಕ್ಕೆ ಗುದ್ದಲಿ ಹಾಕಿಸಿದವನೂ ಅಲ್ಲ. ಒಂಬತ್ತೊಂಬತ್ತಲ ಎಂಬತ್ತೊಂದು ಮನೆಗಳ ಮಂಡಲ ಬರೆದು, ನಡುವಿನದು ಬ್ರಹ್ಮಸ್ಥಾನ, ಅಲ್ಲಿ ಭಾರ ಹೇರಬೇಡಿ ಎಂದವರು ಗಾಳಿಬೆಳಕು ಬಲ್ಲವರೇ. ನಮ್ಮ ತೊಟ್ಟಿಮನೆಯ ತೊಟ್ಟಿ ಇನ್ನೇನು? ನೈಋತ್ಯದಲ್ಲಿ ಗೋಡೆ ದಪ್ಪಗಿರಲಿ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಿಂದ ಮಾರ್ಚಿನ ತನಕ ಮಧ್ಯಾಹ್ನದ ಬಿಸಿಲು ಬಂದು ಹೊಡೆಯುವುದು ಆ ಮೂಲೆಗೇ. ಆದರೆ ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ತಂಗಾಳಿ ಬೀಸುವುದೂ ಪಶ್ಚಿಮ, ನೈಋತ್ಯದಿಂದಲೇ. ಅಲ್ಲಿ ಕಿಟಕಿಯೇ ಕೂಡದು ಎಂದು ಇಟ್ಟಿಗೆ ಇಟ್ಟು ಮುಚ್ಚಿಸಿದರೆ ಗಾಳಿ ಎಲ್ಲಿಂದ ಬರಬೇಕು? ಗೋಡೆಯ ಎತ್ತರದಲ್ಲಿ ಸಣ್ಣ ಕಿಂಡಿ, ಮೇಲೊಂದು ಅಗಲ ಸಜ್ಜಾ ಕೊಟ್ಟರೆ ಬಿಸಿಲು ಹೊರಗೆ, ಗಾಳಿ ಒಳಗೆ. ಈ ಮಾತಿಗೆ ಒಪ್ಪುವ ವಾಸ್ತುವಿನವರೂ ಇದ್ದಾರೆ, ಕೂತು ಮಾತಾಡಿದರೆ.

ಇನ್ನು ವಾಯವ್ಯ. ವಾಯುದೇವರ ಮೂಲೆ ಅದು. ಆ ಮೂಲೆಗೆ ಈಗಿನವರು ಕೊಡುವುದು ಟಾಯ್ಲೆಟ್ಟು. ಪಶ್ಚಿಮದ ಗಾಳಿ ಮೂರು ನಾಲ್ಕು ತಿಂಗಳು ಆ ವಾಸನೆಯನ್ನು ಹಾಲಿಗೆ ತಂದು ಬಿಡುತ್ತದೆ. ಬಾಣಸವಾಡಿ ಆಂಜನೇಯನ ಗುಡಿಯಲ್ಲಿ ಶನಿವಾರದ ಸಾಲು ನೋಡಬೇಕು ನೀವು. ಮಗನಿಗೆ ವಡೆ ಹಾರ, ಅಪ್ಪನಿಗೆ ಕಮೋಡು! ತೈತ್ತಿರೀಯದ ಶಾಂತಿಮಂತ್ರ ಕಣ್ಣೆದುರಿನ ಬ್ರಹ್ಮ ಎಂದು ಕರೆದದ್ದು ವಾಯುವನ್ನು. ಮಾಧ್ವರಿಗಂತೂ ಜೀವೋತ್ತಮನೇ ಅವನು. ಮುಸ್ಲಿಂ ಮನೆಗಳಲ್ಲಿ ಕಮೋಡಿನ ಪ್ರಶ್ನೆ ಬೇರೆ ಥರ: ಕೂತವರ ಮುಖವಾಗಲೀ ಬೆನ್ನಾಗಲೀ ಕಿಬ್ಲಾ ಕಡೆ ಆಗಬಾರದು. ಅದನ್ನೂ ಹೊಂದಿಸಿ ಕೊಟ್ಟಿದ್ದೇನೆ. ಕ್ರೈಸ್ತರ ಮನೆಯಲ್ಲೂ ‘ಸುಮ್ನೆ ಒಂದ್ಸಲ ವಾಸ್ತು ನೋಡಿಸ್ಬಿಡಿ’ ಅನ್ನುವವರಿಗೆ ಬರವಿಲ್ಲ.

ನನ್ನ ತಕರಾರು ದಿಕ್ಕುಗಳ ಮೇಲಲ್ಲ. ಸೈಟಿನ ಬೌಂಡರಿಗೆ ಬಂದ ತಕ್ಷಣ ಈ ಶಾಸ್ತ್ರ ಯಾಕೆ ನಿಂತುಬಿಡುತ್ತದೆ ಎಂಬುದು ನನ್ನ ಪ್ರಶ್ನೆ. ನಡುವೆ ಸಂದಿಯಿಲ್ಲದೆ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಎರಡು ಮನೆ ನೋಡಿ. ಈಚೆಯವರಿಗೆ ಅದು ಉತ್ತರದ ಗೋಡೆ, ಕುಬೇರನದು. ಕ್ಯಾಷ್ ಬೀರು ಇಡುತ್ತಾರೆ. ಆಚೆಯವರಿಗೆ ದಕ್ಷಿಣ, ಯಮನದು. ತೀರಿಹೋದವರ ಫೋಟೊ ತೂಗುಹಾಕುತ್ತಾರೆ. ನಡುವೆ ಇರುವುದು ಆರಿಂಚಿನ ಬ್ಲಾಕು. ನನ್ನ ಮನೆಗೆ ಮಂಗಳವಾಗಲಿ ಎಂದು ಬೇಡಿಕೊಳ್ಳುವಾಗ ಆರಿಂಚಿನಾಚೆ ಉಸಿರು ಕಟ್ಟಿದವರ ಲೆಕ್ಕ ಯಾವ ಮಂಡಲದಲ್ಲಿ ಬರುತ್ತದೆ?

ಹಳೆಯವರು ಅದನ್ನು ಮರೆತಿರಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದ್ವಾರವೇಧದ ವಿಚಾರ ಇದೆ. ಬಾಗಿಲಿಗೆ ಎದುರಾಗಿ ಮರ, ಬಾವಿ, ಕಂಬ, ಮೂಲೆ ಇದ್ದರೆ ದೋಷ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಎತ್ತರದ ಎರಡರಷ್ಟು ಜಾಗ ಬಿಟ್ಟಿದ್ದರೆ ದೋಷವಿಲ್ಲ ಎಂದು ಅಲ್ಲೇ ಬರೆದಿರುವುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಬಾಗಿಲಿನ ಮಾತು, ನಿಜ. ಆದರೂ ಎದುರಿಗೆ ಏನಿದೆ, ಎಷ್ಟು ದೂರದಲ್ಲಿದೆ ಎಂದು ಕೇಳುವ ಬುದ್ಧಿ ಅದರಲ್ಲಿದೆ. ಮೂವತ್ತಡಿ ಎತ್ತರದ ಮನೆಗೆ ಆ ಲೆಕ್ಕ ಹಾಕಿದರೆ ಅರವತ್ತಡಿ ಬಿಡಬೇಕು. ನಾವು ಮೂರಕ್ಕೆ ಅಳುತ್ತಿದ್ದೇವೆ.

ನನ್ನ ಜೊತೆ ಬಾಗಿಲು ಕಿಟಕಿ ಕೆಲಸ ಮಾಡುತ್ತಿದ್ದ ಶಿವಾಜಿನಗರದ ಹಿರಿಯ ಬಡಗಿಯೊಬ್ಬರಿದ್ದರು. ಒಮ್ಮೆ ಚೌಕಟ್ಟು ನಿಲ್ಲಿಸುವಾಗ ‘ಭಾಯ್, ಈ ಕಿಟಕಿ ಯಾರಿಗೆ ಬೇಕು, ಎದುರಿಗೆ ಗೋಡೆನೇ ಇದೆಯಲ್ಲ’ ಅಂದೆ. ಅವರು ರಂದ ಕೆಳಗಿಟ್ಟು, ನಮ್ಮಲ್ಲಿ ಪೈಗಂಬರರ ಹೆಸರಲ್ಲಿ ಒಂದು ಮಾತಿದೆ ಸಾರ್ ಎಂದು ಹೇಳಿದರು: ನೆರೆಯವನ ಒಪ್ಪಿಗೆ ಇಲ್ಲದೆ ಅವನ ಗಾಳಿಗೆ ಅಡ್ಡ ಬರುವಷ್ಟು ಎತ್ತರಕ್ಕೆ ಮನೆ ಏರಿಸಬಾರದು. ಆಮೇಲೆ ತಿಳಿದವರನ್ನು ವಿಚಾರಿಸಿದೆ. ಆ ಹದೀಸಿನ ಸರಪಳಿ ಗಟ್ಟಿಯಲ್ಲ ಎಂದು ವಿದ್ವಾಂಸರು ಎಣಿಸುತ್ತಾರಂತೆ. ಇರಬಹುದು. ಅಷ್ಟು ನಿಖರವಾಗಿ, ಗಾಳಿ ಎಂಬ ಹೆಸರು ಹಿಡಿದೇ ಹೇಳಿದ ಮಾತು ನನ್ನ ಕಿವಿಗೆ ಬೇರೆಲ್ಲೂ ಬಿದ್ದಿಲ್ಲ. ಅದೇ ಮಾತನ್ನು ಕಾನೂನು ಒಣಗಿದ ಭಾಷೆಯಲ್ಲಿ ಹೇಳುತ್ತದೆ: 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಒಂದು ಕಟ್ಟಡಕ್ಕೆ ಇಪ್ಪತ್ತು ವರ್ಷ ತಡೆಯಿಲ್ಲದೆ ಬಂದ ಗಾಳಿಬೆಳಕು ಹಕ್ಕಾಗುತ್ತದೆ. ಕೋರ್ಟಿಗೆ ಹೋಗಿ ಅದನ್ನು ಸಾಬೀತು ಮಾಡುವಷ್ಟರಲ್ಲಿ ಇನ್ನೊಂದು ಅಂತಸ್ತು ಎದ್ದಿರುತ್ತದೆ, ಆ ಮಾತು ಬೇರೆ.

ಗಾಳಿಗೆ ಜಾಗ ಬಿಡಬೇಕೆಂಬ ಪಾಠವನ್ನು ನಮ್ಮ ಕಂಟೋನ್ಮೆಂಟು ಒಮ್ಮೆ ಹೆಣ ಹೊತ್ತು ಕಲಿತಿತ್ತು. 1898ರಲ್ಲಿ ಪ್ಲೇಗು ಬಂದಾಗ ಒತ್ತೊತ್ತಾಗಿ ಕಟ್ಟಿದ ಕೇರಿಗಳೇ ಹೆಚ್ಚು ಸತ್ತವು. ಜನ ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿ ತಂಪು ಮಾಡಿದರು. ಊರಿನ ಹಲವು ಕಡೆ ಆ ಗುಡಿಗಳು ಈಗಲೂ ಇವೆ. ಸರ್ಕಾರ ಬಸವನಗುಡಿ, ಮಲ್ಲೇಶ್ವರ, ಈ ಕಡೆ ಫ್ರೇಜರ್ ಟೌನ್ ಎಂದು ಅಗಲ ರಸ್ತೆಯ ಬಡಾವಣೆ ಎಬ್ಬಿಸಿತು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನ್ ಎಂಬ ಸಂದಿ ಬಿಟ್ಟಿತು. ಗುಡಿಯೂ ಸಂದಿಯೂ ಒಂದೇ ಭಯದ ಮಕ್ಕಳು ಎಂದೇ ನನಗನಿಸುವುದು. ಗುಡಿಗಳನ್ನು ದೊಡ್ಡದು ಮಾಡಿದ್ದೇವೆ, ಸಂದಿಗಳನ್ನು ನುಂಗಿದ್ದೇವೆ. ಕಾಕ್ಸ್ ಟೌನಿನ ಹಳೆ ಮನೆಗಳ ರಿಪೇರಿಗೆ ಹೋದಾಗ ಸೂರಿನ ಕೆಳಗಿನ ವೆಂಟಿಲೇಟರಿಗೆ ಹಗ್ಗ ಕಟ್ಟಿ ಎಳೆಯುವ ಏರ್ಪಾಟು ಇನ್ನೂ ಸಿಗುತ್ತದೆ. ಅಂಥ ಮನೆ ಯಾರ ಹತ್ತಿರವಾದರೂ ಇದ್ದರೆ ಒಂದು ಮಾತು: ಗಾರೆ ಗೋಡೆಯ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ಗಾರೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಕೂಡಿಹಾಕುತ್ತದೆ. ಗೋಡೆ ಒಳಗಿಂದ ಪುಡಿಯಾಗುತ್ತದೆ.

ಅಕ್ರಮ–ಸಕ್ರಮದ ಕಥೆ ಎಲ್ಲರಿಗೂ ಗೊತ್ತು. ವಾಸದ ಮನೆಗೆ ಶೇಕಡಾ 50ರ ತನಕ ಉಲ್ಲಂಘನೆಯಿದ್ದರೂ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು ಎಂದು ಸರ್ಕಾರ ನಿಯಮ ತಂದಿತು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಾನೂನಿನ ಸರಿತಪ್ಪು ವಕೀಲರಿಗಿರಲಿ. ನನಗೆ ಒಗಟಾಗಿ ಕಾಣುವುದು ಪ್ರಾಯಶ್ಚಿತ್ತದ ದಾರಿ. ನಾನು ನುಂಗಿದ್ದು ಪಕ್ಕದ ಮನೆಯವನ ಗಾಳಿ. ದಂಡ ಸರ್ಕಾರದ ಖಜಾನೆಗೆ. ಶಾಂತಿಹೋಮ ಮಾಡಿಸಿದರೆ ಹವಿಸ್ಸು ದೇವತೆಗಳಿಗೆ, ಹೊಗೆ ಮತ್ತೆ ಪಕ್ಕದ ಮನೆಗೆ. ಯಾವ ಧರ್ಮದಲ್ಲಾದರೂ ಕದ್ದದ್ದನ್ನು ಕಳೆದುಕೊಂಡವನಿಗೆ ತಾನೇ ತಿರುಗಿ ಕೊಡಬೇಕು?

‘ಅವರು ಬಿಟ್ರೆ ನಾನೂ ಬಿಡ್ತೀನಿ ಸಾರ್’ ಎನ್ನುವುದೇ ಎಲ್ಲರ ಉತ್ತರ. ಜೀವನಹಳ್ಳಿಯಲ್ಲಿ 20–30 ಸೈಟಿನ ಹಳೆ ಮನೆ ಕೆಡವಿ ಕಟ್ಟಲು ಹೊರಟ ಒಬ್ಬರೂ ಅದನ್ನೇ ಅಂದರು. ಮೂವತ್ತಡಿ ಉದ್ದಕ್ಕೆ ಮೂರಡಿ ಅಂದರೆ ಮಹಡಿಗೆ ತೊಂಬತ್ತು ಚದರಡಿ, ಬಾಡಿಗೆಗೆ ಕೊಡುವ ಒಂದು ರೂಮು. ಅವರ ಸಂಕಟ ಸುಳ್ಳಲ್ಲ. ನಕ್ಷೆ ಪ್ರಕಾರ ಪೂರ್ತಿ ಬಿಡಿ ಎಂದು ನಾಲ್ಕು ಸಲ ಹೇಳಿದೆ, ಕೊನೆಗೆ ಚೌಕಾಸಿಗೆ ಇಳಿದೆ: ಹಿಂದಿನ ಮೂಲೆಯಲ್ಲಿ ಐದಡಿಗೆ ಆರಡಿ, ಪಾಯದಿಂದ ಆಕಾಶದ ತನಕ ತೆರೆದಿಡಿ, ಪಕ್ಕದವರ ಬಚ್ಚಲು, ರೂಮಿನ ಕಿಟಕಿ ಎರಡಕ್ಕೂ ಗಾಳಿಯಾಗುತ್ತದೆ, ನಿಮಗೂ ಆಗುತ್ತದೆ. ವಾಸ್ತುವಿನವರು ಅಡ್ಡಡ್ಡ ತಲೆಯಾಡಿಸಿದರು. ಮೂಲೆ ಕತ್ತರಿಸಬಾರದು. ಸರಿ ಗುರುಗಳೇ, ಮೂಲೆ ಬೇಡ, ಬದಿಯ ನಟ್ಟನಡುವೆ ಬಿಡೋಣ, ಬ್ರಹ್ಮಸ್ಥಾನಕ್ಕೆ ಹತ್ತಿರವಾಗುತ್ತದಲ್ಲ ಎಂದೆ. ಅವರು ಪೆನ್ಸಿಲ್ ತೆಗೆದುಕೊಂಡು ನಕ್ಷೆ ತಿರುಗಿಸಿ ತಿರುಗಿಸಿ ನೋಡಿ, ಅದಾದರೆ ಒಳ್ಳೆಯದೇ ಎಂದರು. ಮೆಟ್ಟಿಲನ್ನೂ ಅದರ ಪಕ್ಕಕ್ಕೆ ತಂದು, ಹೆಡ್‌ರೂಮಿನ ತಲೆಯಲ್ಲಿ ಜಾಲಿ ಕೊಟ್ಟೆವು; ಕೆಳಗಿನ ಬಿಸಿಗಾಳಿ ಮೆಟ್ಟಿಲ ಗುಂಟ ಏರಿ ಅಲ್ಲಿ ಹೊರಗೆ ಹೋಗಬೇಕು.

ಪಾಯಕ್ಕೆ ಗುರುತು ಹಾಕುವ ದಿನ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, ಈ ಸುಣ್ಣದ ಚೌಕ ಏನಪ್ಪಾ ಎಂದು ಕೇಳಿದರು. ಇಲ್ಲಿ ಕಟ್ಟಲ್ಲಮ್ಮ, ನಿಮ್ಮ ಕಿಟಕಿಗೆ ಗಾಳಿ ಬರಲಿ ಅಂತ ಬಿಡ್ತಿದ್ದಾರೆ ಎಂದೆ. ಆಕೆ ಸ್ವಲ್ಪ ಹೊತ್ತು ಚೌಕವನ್ನೂ ನನ್ನನ್ನೂ ನೋಡಿ, ‘ಬಿಡೋದು ಬಿಡಿ, ಆದ್ರೆ ನಿಮ್ಮ ಅಡುಗೆಮನೆ ಚಿಮಣಿ ಪೈಪು ಮಾತ್ರ ಈ ಕಡೆ ತೆಗೀಬೇಡಿ, ನಮ್ಮನೇಲಿ ಮೀನಿನ ವಾಸನೆ ಯಾರಿಗೂ ಆಗಲ್ಲ’ ಅಂದರು. ಪೈಪನ್ನು ರಸ್ತೆ ಕಡೆಗೆ ತಿರುಗಿಸಿ, ಅದಕ್ಕೆ ಬೇಕಾದ ಕಿಂಡಿಯನ್ನು ಡ್ರಾಯಿಂಗಿನಲ್ಲಿ ಕೆಂಪು ಪೆನ್ನಲ್ಲಿ ಬರೆದುಕೊಂಡೆ.