ಮುಯ್ಯಿ ಯಾವುದು, ಬಿಟ್ಟಿ ಯಾವುದು?

ಹೋದ ದಸರಾ ರಜೆಯಲ್ಲಿ ನಾವು ಐದು ಜನ ಗೆಳೆಯರು ಎರಡು ದಿನ ತಿರುಗಾಡಿ ಬಂದೆವು. ನಾಲ್ಕು ಜನ ಸಂಬಳದವರು. ಐದನೆಯವನು ತುಮಕೂರಿನಲ್ಲಿ ವ್ಯಾನು ಓಡಿಸಿ ಬದುಕುವವನು, ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಅವನ ವ್ಯಾನಿನಲ್ಲೇ ಹೊರಟೆವು. ಗುಬ್ಬಿಯಲ್ಲಿ ಇಬ್ಬರನ್ನು ಹತ್ತಿಸಿಕೊಂಡು, ಕುಣಿಗಲ್ ದೊಡ್ಡಕೆರೆ ನೋಡಿ, ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದೆವು. ರಾತ್ರಿ ಕುಣಿಗಲ್ ಸೀಮೆಯಲ್ಲೇ ಒಂದು ಹಳ್ಳಿಯ ಕೇರಿಯಲ್ಲಿ, ಅವನ ಅಕ್ಕನ ಮನೆಯಲ್ಲಿ ಉಳಿದೆವು. ಆಯಮ್ಮ ಕೂಲಿ ಬಿಟ್ಟು ಕೋಳಿ ಕುಯ್ದು, ಮುದ್ದೆ ತಿರುವಿ ಹಾಕಿದಳು.

ವಾಪಸ್ಸು ಬರುವಾಗ ಡೀಸೆಲ್ಲು, ಟೀ, ತಿಂಡಿ ಎಲ್ಲ ಕೂಡಿಸಿ ನಾಲ್ಕು ಪಾಲು ಮಾಡಿದೆವು. "ನಿಂದೇನೂ ಬೇಡ ಕಣೋ" ಅಂತ ಅವನಿಗೆ ಹೇಳಿ ದೊಡ್ಡತನ ಮೆರೆದೆವು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದಳು: "ಹಬ್ಬದ ದಿನ ಬಾಡಿಗೆ ಸಿಗೋ ಕಾಲ. ಅವನ ಎರಡು ದಿನದ ದುಡಿಮೆ ಯಾರ ಲೆಕ್ಕಕ್ಕೆ ಬರ್ಕೊಂಡ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೆಳೆಯರೇ, ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಅಂತ ಒಂದು ಮಾತಿದೆ, ಬಿಟ್ಟಿ ಅಂತ ಇನ್ನೊಂದು. ನನ್ನ ಹೊಲದ ರಾಗಿ ಕೊಯ್ಲಿಗೆ ನೀನು ಇವತ್ತು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು ಕುಡುಗೋಲು ಹಿಡಿದು ಬರಬೇಕು. ಅದು ಮುಯ್ಯಾಳು. ಬಿಟ್ಟಿಯಲ್ಲಿ ದುಡಿಯುವ ಕೈ ಒಂದೇ ಕಡೆಯದು. ನಮ್ಮಪ್ಪಂದಿರು ಊರ ಯಜಮಾನರ ಮದುವೆಗಳಿಗೆ ಸೌದೆ ಸೀಳಿದರು. ಯಾವ ಯಜಮಾನ ನಮ್ಮ ಕೇರಿಯ ಮದುವೆಗೆ ಸೌದೆ ಸೀಳಿದ್ದಾನೆ? ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ನಿಷೇಧಿಸಿತು. 1976ರಲ್ಲಿ ಜೀತ ರದ್ದತಿಯ ಕಾಯ್ದೆ ಬಂತು. ದಿಲ್ಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಾರರ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಚಾಟಿ ಹಿಡಿದು ದುಡಿಸುವುದಷ್ಟೇ ಬಲವಂತವಲ್ಲ, ಹಸಿವು ಬಡತನಗಳ ಒತ್ತಾಯವೂ ಒತ್ತಾಯವೇ.

ಹಾಗಾದರೆ ದಾಕ್ಷಿಣ್ಯ? "ಫ್ರೆಂಡ್ ಅಲ್ವೇನೋ" ಅಂದಾಗ ಅವನು ಇಲ್ಲ ಅನ್ನುವ ಹಾಗಿತ್ತೇ? ಇಲ್ಲ ಅನ್ನಲು ಬಾರದವನ ಹತ್ತಿರ ಪಡೆದ ಸಹಾಯ ಎಷ್ಟೇ ನಗುನಗುತ್ತಾ ಬಂದರೂ ಅದರಲ್ಲಿ ಬಿಟ್ಟಿಯ ವಾಸನೆ ಇದೆ. ಬಿಟ್ಟಿ ಮಾಡಿದವರ ಮಕ್ಕಳಾದ ನಾವೇ ಬಿಟ್ಟಿ ಮಾಡಿಸಿಕೊಂಡಿದ್ದೆವು.

ನಾಲ್ವರೂ ಸೇರಿಸಿ ಎರಡು ದಿನದ ಬಾಡಿಗೆ ತೆಗೆದುಕೊಂಡು ಹೋದೆ. "ಸ್ನೇಹ ಕಡ್ಕೊಳಾಕೆ ಬಂದ್ಯಾ?" ಅಂದ. "ಇದು ನಿಂಗಲ್ಲ ಕಣೋ, ವ್ಯಾನಿನ ಕಂತಿಗೆ" ಅಂದೆ. ನಕ್ಕು ಇಸ್ಕೊಂಡ. ಹೊಟ್ಟೆಪಾಡಿಗೆ ಆದ ನಷ್ಟವನ್ನು ದುಡ್ಡಿನಲ್ಲೇ ತೀರಿಸಬೇಕು. ಅದನ್ನು ಕೊಟ್ಟರೆ ಸ್ನೇಹ ಕೆಡುತ್ತದೆ ಅನ್ನುವುದು ಕೊಡದವರು ಕಟ್ಟಿದ ಮಾತು.

ಆದರೆ ಅಕ್ಕನ ಬಾಕಿ ಹಾಗಿರಲಿಲ್ಲ. ಹೊರಡುವ ಬೆಳಿಗ್ಗೆ ನಾನು ಐನೂರರ ನೋಟು ಚಾಚಿದ್ದೆ. ಆಯಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ದುಡ್ಡು ಇಸ್ಕೊಳಾಕೆ ನಾವೇನು ಹೋಟ್ಲು ಮಡಗಿದ್ದೀವಾ ಮೇಷ್ಟ್ರೇ? ಮಾರ್ಚಿಗೆ ನಮ್ಮ ಹುಡುಗಿ ತುಮಕೂರಿಗೆ ಪರೀಕ್ಷೆ ಬರೆಯಾಕೆ ಬತ್ತಾಳೆ. ಮೂರು ದಿನ ನಿಮ್ಮನೇಲಿ ಮಡಿಕ್ಕೊಳ್ಳಿ, ಸಾಕು."

"ಆಗ್ಲಿ ಅಕ್ಕ" ಅಂದೆ. ಅಂದ ನಾಲಿಗೆ ಒಣಗಿತು. ಯಾಕೆಂದರೆ ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಮಾಲೀಕರು "ನೀವು ಯಾವ ಜನ?" ಅಂತ ಕೇಳಿದ್ದರು. ನಾನು ಹಾರಿಕೆಯ ಉತ್ತರ ಕೊಟ್ಟಿದ್ದೆ. ಕೇರಿಯ ಹುಡುಗಿ ಬಂದರೆ, ಅವಳು ಮಾತಾಡಿದರೆ, ನನ್ನ ಸುಳ್ಳು ಹೊರಗೆ ಬೀಳುತ್ತದೆ. ಐನೂರರ ನೋಟು ಕೊಡುವುದು ಎಷ್ಟು ಸಲೀಸಾಗಿತ್ತು!

ದುಡ್ಡು ಕೊಟ್ಟು ಮನುಷ್ಯರನ್ನು ದೂರ ಇಡುವುದು ಹಳೆಯ ವಿದ್ಯೆ. 1929ರಲ್ಲಿ ಅಂಬೇಡ್ಕರ್ ಚಾಳೀಸಗಾಂವ್‌ನಲ್ಲಿ ರೈಲು ಇಳಿದಾಗ ಅಸ್ಪೃಶ್ಯನನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ. ಟಾಂಗಾವನ್ನು ಬಾಡಿಗೆಗೆ ಕೊಡುತ್ತೇವೆ, ಓಡಿಸುವುದಿಲ್ಲ ಅಂದರು. ಬಾಡಿಗೆಯ ದುಡ್ಡಿಗೆ ಮೈಲಿಗೆ ಇರಲಿಲ್ಲ! ತಮ್ಮ ಅತಿಥಿ ನಡೆದು ಬರಬಾರದು ಅಂತ ಮಹಾರರಲ್ಲೇ ಒಬ್ಬ, ಟಾಂಗಾ ಓಡಿಸಿ ಗೊತ್ತಿಲ್ಲದವನು, ಲಗಾಮು ಹಿಡಿದ. ಸೇತುವೆಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿತು, ಬಾಬಾಸಾಹೇಬರು ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. ಇದನ್ನು ಮುಂದೆ ಅವರೇ ಬರೆದಿದ್ದಾರೆ. ತನಗೆ ಬಾರದ ಕೆಲಸಕ್ಕೂ ಕೈ ಹಾಕಿದ ಆ ಮಹಾರನ ಪ್ರೀತಿಗೆ ಎಷ್ಟು ರೂಪಾಯಿ ಕಟ್ಟೋಣ? ಬಾಡಿಗೆ ತೆಗೆದುಕೊಂಡು ಲಗಾಮು ಬಿಟ್ಟವನ ಸಾಲಿನಲ್ಲಿ, ನೋಟು ಚಾಚಿ ಬಾಗಿಲು ಮುಚ್ಚಿಕೊಳ್ಳಲಿದ್ದ ನಾನೂ ನಿಂತಿದ್ದೆ.

ನಂಬಿಕೆಯಿಂದ ಬಂದದ್ದನ್ನು ನಂಬಿಕೆಯಲ್ಲೇ ತೀರಿಸಬೇಕು. ಅವಳು ತನ್ನ ಮನೆಯ ಬಾಗಿಲು ತೆರೆದಳು, ನಾನೂ ನನ್ನದನ್ನು ತೆರೆಯಬೇಕು. ಅದಕ್ಕೆ ನನಗೆ ಏನಾದರೂ ನಷ್ಟವಾದರೆ ಅದು ಲೆಕ್ಕದಲ್ಲಿ ಸೇರಿದ್ದೇ. ಅವಳು ಅವತ್ತು ಕೂಲಿ ಬಿಟ್ಟಿರಲಿಲ್ಲವೇ?

ಮಾರ್ಚಿಯಲ್ಲಿ ಹುಡುಗಿ ಬಂದಳು. ಎರಡನೆಯ ದಿನ ಮಾಲೀಕರು ಮೆಟ್ಟಿಲ ಹತ್ತಿರ ನಿಲ್ಲಿಸಿ "ಯಾರು ಮೇಷ್ಟ್ರೇ ಈ ಹುಡುಗಿ?" ಅಂದರು. ಯಾರು ಅಂತ ಹೇಳಿದೆ. ನಾನು ಯಾರು ಅನ್ನುವುದನ್ನೂ ಹೇಳಿದೆ. ಅವರು ಏನೂ ಅನ್ನದೆ ಒಳಗೆ ಹೋದರು. ಮುಂದಿನ ತಿಂಗಳು ಮನೆ ಖಾಲಿ ಮಾಡಲು ಹೇಳಬಹುದು, ಹೇಳದೆಯೂ ಇರಬಹುದು. ಹುಡುಗಿ ಮಾತ್ರ ಪರೀಕ್ಷೆ ಚೆನ್ನಾಗಿ ಬರೆದು ಊರಿಗೆ ಹೋದಳು.