ಪೈಪಿನ ಗದೆಗೆ ಅರಿಶಿನ ಕುಂಕುಮ

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ಕಡೆ ಕೊಳವೆಬಾವಿ ಕೊರೆಸಿದ ತೋಟಗಳ ಬದುವಿನಲ್ಲಿ ಮಿಕ್ಕುಳಿದ ಪಿವಿಸಿ ಪೈಪಿನ ತುಂಡುಗಳಿಗೆ ಬರವಿಲ್ಲ. ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ಸುದ್ದಿ ಬಂದ ಕೂಡಲೇ ಆ ತುಂಡುಗಳಿಗೆ ಬೆಲೆ ಬರುತ್ತದೆ. ಹನುಮಂತನಾಗಿ ಛದ್ಮವೇಷಕ್ಕೆ ನಿಲ್ಲುವ ಹುಡುಗನಿಗೆ ಗದೆ ಬೇಕು. ಅದೂ ಎಂಥ ಗದೆ? ಸಿನಿಮಾದಲ್ಲಿ ನೋಡಿದಂಥದ್ದೇ ಆಗಬೇಕು.

ಒಂದೂವರೆ ಇಂಚಿನ ಪೈಪನ್ನು ಹುಡುಗನ ಸೊಂಟದೆತ್ತರಕ್ಕೆ ಕೊಯ್ದು, ಒಂದು ತುದಿಯನ್ನು ಕೆಂಡದ ಮೇಲೆ ತಿರುಗಿಸುತ್ತ ಕಾಯಿಸಬೇಕು. 80 ಡಿಗ್ರಿಯ ಆಸುಪಾಸಿನಲ್ಲಿ ಪಿವಿಸಿ ಮೆತ್ತಗಾಗುತ್ತದೆ. ಸಾಕೆಟ್ ಇಲ್ಲದೆ ಪೈಪಿಗೆ ಪೈಪು ಸೇರಿಸಿ ಅಭ್ಯಾಸವಿರುವ ರೈತರಿಗೆ ಆ ಹದ ಕೈಗೇ ಗೊತ್ತಾಗುತ್ತದೆ. ಹದ ಮೀರಿದರೆ ಪೈಪು ಕಪ್ಪಾಗಿ ಗಂಟಲು ಉರಿಸುವ ಹೊಗೆ ಏಳುತ್ತದೆ; ಹಾಗಾಗಿ ಈ ಕೆಲಸ ಅಡುಗೆಮನೆಯಲ್ಲಲ್ಲ, ಬಯಲಲ್ಲಿ. ಅಗಲಿಸಿದ ಬಾಯಿಗೆ ಪ್ಲಾಸ್ಟಿಕ್ ಚೆಂಡು ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿ, ಹಳೇ ಪೇಂಟ್ ಡಬ್ಬಿಯ ತಗಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ರಿವೆಟ್ ಹೊಡೆಯುತ್ತಾರೆ. ತಗಡಿನ ಅಂಚನ್ನು ಮಡಚಿ ಸುತ್ತಿಗೆಯಲ್ಲಿ ಬಡಿಯದೆ ಬಿಟ್ಟರೆ ಹುಡುಗನ ಕೈ ಕೊಯ್ದೀತು. ನುಣುಪು ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಮೊದಲು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತರಿ ಮಾಡಬೇಕು. ಆಮೇಲೆ ಚಿನ್ನದ ಬಣ್ಣದ ಸ್ಪ್ರೇ.

ಸ್ಪರ್ಧೆ ಮುಗಿಯಿತು, ಗದೆ ಮನೆಯ ಮೂಲೆ ಸೇರಿತು ಎಂದುಕೊಳ್ಳೋಣ. ಮಹಾನವಮಿ ಬರುತ್ತದೆ. ಆಯುಧ ಪೂಜೆಯ ದಿನ ಗರಗಸ, ಸುತ್ತಿಗೆ, ಡ್ರಿಲ್, ಬೈಕು, ಪಂಪ್‌ಸೆಟ್ಟು ಎಲ್ಲಕ್ಕೂ ಅರಿಶಿನ ಕುಂಕುಮ. ಗದೆಗೆ? ಅದು ನಿಜವಾದ ಆಯುಧವಲ್ಲ, ಆದ್ದರಿಂದ ಬೇಡ ಎನ್ನಬಹುದು. ದೇವರ ಕೈಯ ಆಯುಧದ ರೂಪ, ಆದ್ದರಿಂದ ಮೊದಲ ಕುಂಕುಮ ಅದಕ್ಕೇ ಎಂದೂ ಹೇಳಬಹುದು. ಒಂದು ಮನೆಯ ಪೂಜೆಯ ಮಣೆಯ ಮುಂದೆ ಏಳುವ ಈ ಸಣ್ಣ ಗೊಂದಲದ ಹಿಂದೆ ಬಹಳ ಹಳೆಯ ಪ್ರಶ್ನೆಯಿದೆ. ಮನುಷ್ಯ ತನ್ನ ಕೈಯಾರೆ ಮಾಡಿದ ವಸ್ತು ಯಾವಾಗ ಬರೀ ವಸ್ತು, ಯಾವಾಗ ಪವಿತ್ರ?

ದೇವರ ರೂಪ ಅಂದಕೂಡಲೇ ಮುಗಿಯಿತೇ ಎಂದು ನೋಡಿದರೆ, ಇಲ್ಲ. ವಾಲ್ಮೀಕಿ ರಾಮಾಯಣದ ಹನುಮಂತ ಮರ ಕಿತ್ತು, ಬಂಡೆ ಎತ್ತಿ, ಬಾಗಿಲ ಪರಿಘವನ್ನೇ ಕಿತ್ತುಕೊಂಡು ಹೋರಾಡುತ್ತಾನೆ. ಗದೆ ಅವನ ಗುರುತಲ್ಲ. ವ್ಯಾಸರಾಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಕನ್ನಡನಾಡಿನ ಊರೂರಲ್ಲಿ ಕಾಣುವ ಮಾದರಿಯ ಆಂಜನೇಯನ ವಿಗ್ರಹಗಳಲ್ಲಿ ಬಲಗೈ ಮೇಲೆತ್ತಿರುತ್ತದೆ, ಬಾಲ ತಲೆಯ ಮೇಲೆ ಬಾಗಿ ತುದಿಯಲ್ಲಿ ಗಂಟೆ ಕಟ್ಟಿರುತ್ತದೆ, ಎಡಗೈಯಲ್ಲಿ ಸೌಗಂಧಿಕಾ ಪುಷ್ಪ. ಅಲ್ಲೂ ಗದೆಯಿಲ್ಲ. ಇಂದಿನ ಮಕ್ಕಳ ಕಣ್ಣಲ್ಲಿರುವ ದಪ್ಪ ಗದೆಯ ಹನುಮ ಹೆಚ್ಚಾಗಿ ಕ್ಯಾಲೆಂಡರು, ಸಿನಿಮಾ, ಟಿವಿಗಳ ಮೂಲಕ ಮನೆಯೊಳಗೆ ಬಂದವನು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ದಾರಾ ಸಿಂಗ್ ಹನುಮಂತನಾದರು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಟಿವಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ ಕೂತ ಜನ ದೇಶದುದ್ದಕ್ಕೂ ಇದ್ದರು. ಸ್ಟುಡಿಯೋದ ಸಾಮಾನು ಭಕ್ತಿಯ ಸಾಮಾನಾದದ್ದನ್ನು ಕಣ್ಣಾರೆ ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ.

ಹಾಗಾದರೆ ಪ್ಲಾಸ್ಟಿಕ್ಕು, ಡಬ್ಬಿಯ ತಗಡು ಕೀಳು ಎಂಬುದು ತೊಡಕೇ? ನಮ್ಮ ಮನೆಗಳ ಪದ್ಧತಿ ಹಾಗೆ ಹೇಳುವುದಿಲ್ಲ. ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿದರೆ ಬೆನಕ, ಅರಿಶಿನ ಕಲಸಿ ಉಂಡೆ ಮಾಡಿದರೆ ಗೌರಿ, ಕೆರೆಯ ಜೇಡಿಮಣ್ಣು ತಂದರೆ ಗಣಪತಿ. ಈ ಸೀಮೆಯ ಬಯಲಾಟದವರು ಹಗುರ ಮರಕ್ಕೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಕಿರೀಟ, ಭುಜಕೀರ್ತಿ ಮಾಡಿಕೊಂಡವರು. ಊರವರೇ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿದು ಆಡುವ ಕುರುಕ್ಷೇತ್ರ ನಾಟಕಕ್ಕೆ ಬಾಡಿಗೆಗೆ ಬರುವ ತಗಡಿನ ಕಿರೀಟವನ್ನೂ ಪಾತ್ರಧಾರಿ ಕಣ್ಣಿಗೊತ್ತಿಕೊಂಡೇ ತಲೆಗಿಡುತ್ತಾನೆ. ಕರಾವಳಿಯ ಯಕ್ಷಗಾನದಲ್ಲಂತೂ ಬಣ್ಣದ ಮನೆಯಲ್ಲಿ ಚೌಕಿ ಪೂಜೆ ಆಗದೆ ಆಟವಿಲ್ಲ. ವಸ್ತುವಿನ ಬೆಲೆಗೂ ಅದರ ಪಾವಿತ್ರ್ಯಕ್ಕೂ ಸಂಬಂಧವಿದ್ದಿದ್ದರೆ ಸಗಣಿಯ ಬೆನಕನಿಗೆ ಮೊದಲ ಪೂಜೆ ಸಲ್ಲುತ್ತಿರಲಿಲ್ಲ.

ದೂರದ ಒಂದು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಜೆಡೈ ಎಂಬ ಯೋಧ ಸನ್ಯಾಸಿಗಳು ಬೆಳಕಿನ ಕತ್ತಿ ಹಿಡಿಯುತ್ತಾರೆ. ಅದರ ಹಿಡಿಯನ್ನು ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಮಾಡಿದ್ದು ಗ್ರಾಫ್ಲೆಕ್ಸ್ ಕಂಪನಿಯ ಹಳೇ ಕ್ಯಾಮೆರಾ ಫ್ಲಾಶಿನ ಲೋಹದ ಕೊಳವೆಯಿಂದ. ಬೆರಳಿಗೆ ಹಿಡಿತ ಸಿಗಲೆಂದು ಅದರ ಮೇಲೆ ಪ್ಲಾಸ್ಟಿಕ್ ಪಟ್ಟಿಗಳನ್ನು ಅಂಟಿಸಿದರು. ಅಂದಿನಿಂದ ಲೋಕದಾದ್ಯಂತ ಜನ ಮನೆಯ ಶೆಡ್ಡಿನಲ್ಲಿ ಕೂತು ಅಂಥದ್ದೇ ಹಿಡಿ ಮಾಡುತ್ತಿದ್ದಾರೆ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 3.9 ಲಕ್ಷ ಜನ ಧರ್ಮದ ಕಾಲಂನಲ್ಲಿ ಜೆಡೈ ಎಂದು ಬರೆದರು. ಕೆಲವರು ತಮಾಷೆಗೆ ಬರೆದಿದ್ದರೂ ಅದನ್ನು ಮನಸಾರೆ ನಂಬಿ ಸಂಘ ಕಟ್ಟಿಕೊಂಡವರೂ ಇದ್ದರು. ಅಂಥ ಒಂದು ಸಂಘ ಧಾರ್ಮಿಕ ದತ್ತಿ ಸಂಸ್ಥೆಯೆಂಬ ಮಾನ್ಯತೆ ಕೇಳಿದಾಗ ಅಲ್ಲಿನ ದತ್ತಿ ಆಯೋಗ 2016ರಲ್ಲಿ ಒಪ್ಪಲಿಲ್ಲ. ಕತ್ತಿ ಪ್ಲಾಸ್ಟಿಕ್ಕಿನದು ಎಂದೇನೂ ಆಯೋಗ ಆಕ್ಷೇಪಿಸಲಿಲ್ಲ. ನಂಬಿದವರನ್ನು ಕಟ್ಟಿ ನಿಲ್ಲಿಸುವ, ಬದುಕನ್ನು ತಿದ್ದುವ ಒಂದು ಗಟ್ಟಿ ವ್ಯವಸ್ಥೆ ಅಲ್ಲಿ ಕಾಣಲಿಲ್ಲ ಎಂಬುದು ಅದರ ವಾದವಾಗಿತ್ತು.

ಇದೇ ಎಳೆಯನ್ನು ಹಿಡಿದು ನಮ್ಮ ಕರಾವಳಿಗೆ ಬಂದರೆ ಪ್ರಶ್ನೆ ಇನ್ನಷ್ಟು ನಿಚ್ಚಳವಾಗುತ್ತದೆ. 2022ರ ಸೆಪ್ಟೆಂಬರ್ 30ರಂದು ತುಳುನಾಡಿನ ದೈವಾರಾಧನೆಯ ಕಥೆಯ ‘ಕಾಂತಾರ’ ಚಿತ್ರ ತೆರೆಕಂಡ ಮೇಲೆ ಮುಖಕ್ಕೆ ಹಳದಿ ಬಣ್ಣ ಬಳಿದು, ರಟ್ಟು, ಫೋಮು, ತಗಡಿನಲ್ಲಿ ದೈವದ ಬೆನ್ನಿನ ಪ್ರಭಾವಳಿಯಾದ ಅಣಿ ಕಟ್ಟಿಕೊಂಡು ವೇದಿಕೆಯಲ್ಲಿ ಕೂಗಿದವರು ನಾಡಿನೆಲ್ಲೆಡೆ ಹುಟ್ಟಿಕೊಂಡರು. 2025ರ ಅಕ್ಟೋಬರ್‌ನಲ್ಲಿ ಎರಡನೇ ಚಿತ್ರ ಬಂದಾಗ ದೈವದ ವೇಷದಲ್ಲೇ ಚಿತ್ರಮಂದಿರಕ್ಕೆ ಬಂದವರೂ ಇದ್ದರು. ದೈವಾರಾಧಕರು ನೊಂದುಕೊಂಡರು, ಚಿತ್ರ ನಿರ್ಮಿಸಿದ ಹೊಂಬಾಳೆ ಫಿಲಂಸ್ ಸಂಸ್ಥೆಯೇ ದೈವದ ಅನುಕರಣೆ ಬೇಡವೆಂದು ಬಹಿರಂಗವಾಗಿ ವಿನಂತಿಸಬೇಕಾಯಿತು.

ನೊಂದವರ ಮಾತನ್ನು ಸಾವಧಾನವಾಗಿ ಕೇಳಬೇಕು. ಅವರ ನೋವಿನ ಬುಡ ವೇಷದ ಸಾಮಾನಿನಲ್ಲಿಲ್ಲ. ತುಳುನಾಡಿನ ದೈವದ ಉತ್ಸವವಾದ ನೇಮದಲ್ಲಿ ದೈವದ ಲೋಹದ ಮೊಗವನ್ನು ಭಂಡಾರದ ಮನೆಯಿಂದ ಮೆರವಣಿಗೆಯಲ್ಲಿ ತರುತ್ತಾರೆ. ನಲಿಕೆ, ಪಂಬದ, ಪರವ ಸಮುದಾಯಗಳವರು ತಲೆಮಾರುಗಳಿಂದ ಈ ಸೇವೆ ಹೊತ್ತವರು. ವ್ರತ ಹಿಡಿದು, ಎಣ್ಣೆ ಬೂಳ್ಯದ ವೀಳ್ಯ ಪಡೆದು, ದೈವದ ಕಥೆಯ ಹಾಡಾದ ಪಾಡ್ದನ ಕೇಳಿ, ಅಣಿ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟ ಮೇಲಷ್ಟೇ ದೈವದ ನುಡಿ. ಆ ನುಡಿಗೆ ಊರು ತಲೆಬಾಗುತ್ತದೆ, ಜಾಗದ ಜಗಳ ತೀರುತ್ತದೆ, ಉಳ್ಳವರೂ ಕೈಕಟ್ಟಿ ನಿಲ್ಲುತ್ತಾರೆ. ಬೆಳಗಾದರೆ ಅದೇ ಮನುಷ್ಯ ತನ್ನ ಎಂದಿನ ಬಡತನಕ್ಕೂ ಎಂದಿನ ಜಾತಿಯ ಕಟ್ಟಳೆಗೂ ಮರಳಬೇಕು. ಇಷ್ಟೆಲ್ಲವನ್ನೂ ಹೊತ್ತವನ ಮೈಮೇಲಿನ ಮೊಗವನ್ನು, ಅದರಲ್ಲಿ ಒಂದನ್ನೂ ಹೊರದವನು ಚಪ್ಪಾಳೆಗಾಗಿ ತೊಟ್ಟರೆ ನೋವಾಗುವುದು ಸಹಜ.

ಚಿತ್ರದುರ್ಗ ಸೀಮೆಯ ಜನಕ್ಕೆ ಇದು ಪರದೇಶದ ಮಾತಲ್ಲ. ಎಡಗೈಯಲ್ಲಿ ವೀರಭದ್ರನ ಹಲಗೆ, ಬಲಗೈಯಲ್ಲಿ ಕತ್ತಿ ಹಿಡಿದು ದಕ್ಷಯಜ್ಞದ ಒಡಪು ಹೇಳುವ ವೀರಗಾಸೆಯವರನ್ನು ನೋಡಿದವರಿಗೆ ಗೊತ್ತು. ಆ ಕತ್ತಿಯನ್ನು ಯಾವ ಕುಲುಮೆಯಲ್ಲಿ ಬಡಿದರು ಎಂದು ಯಾರೂ ಕೇಳುವುದಿಲ್ಲ. ಹಿಡಿದವನು ಮಡಿಯಲ್ಲಿದ್ದಾನೆಯೇ, ಒಡಪು ತಪ್ಪದೆ ಹೇಳುತ್ತಾನೆಯೇ, ಮದುವೆ ಮನೆಯವರು ಕರೆದಾಗ ವೀರಭದ್ರನ ಗುಗ್ಗಳಕ್ಕೆ ಬರುತ್ತಾನೆಯೇ ಎಂದು ನೋಡುತ್ತಾರೆ.

ಕೈಯಾರೆ ಮಾಡಿದ ವಸ್ತು ಪವಿತ್ರವಾಗಬಲ್ಲದು ಎಂಬುದಕ್ಕೆ ಶರಣರ ಕಡೆಯಿಂದ ಒಂದು ಬಲವಾದ ಎದುರುಮಾತಿದೆ. ಬೆಂಕಿಗೆ ಸೋಲುವ, ಕಷ್ಟಕ್ಕೆ ಮಾರಿಕೊಳ್ಳಬಹುದಾದ ವಸ್ತು ದೇವರಾಗುವುದು ಹೇಗೆ ಎಂದು ಕೇಳಿದವರು ಬಸವಣ್ಣ. ಆ ಪ್ರಕಾರ ಪೈಪಿನ ಗದೆಯೂ ಒಂದೇ, ಪಂಚಲೋಹದ ಮೂರ್ತಿಯೂ ಒಂದೇ, ಎರಡೂ ಕೈಕೆಲಸ. ಆದರೆ ಅದೇ ಶರಣ ಪರಂಪರೆ ಅಂಗೈಯಗಲದ ಇಷ್ಟಲಿಂಗವನ್ನು ಕೊಟ್ಟಿತು. ಅದೂ ಮನುಷ್ಯ ಮಾಡಿದ ವಸ್ತುವೇ. ಗುರುವಿನಿಂದ ದೀಕ್ಷೆಯಾಗಿ ಎದೆಗೆ ಬಂದ ಮೇಲೆ ಅದನ್ನು ಬಿಚ್ಚಿಟ್ಟು ತಿರುಗುವ ಹಾಗಿಲ್ಲ, ಪೂಜಿಸದೆ ಉಣ್ಣುವ ಹಾಗಿಲ್ಲ, ಅದನ್ನು ಧರಿಸಿ ಕಾಯಕ ಬಿಡುವ ಹಾಗಿಲ್ಲ. ವಸ್ತುವನ್ನು ಅಷ್ಟು ಕಟುವಾಗಿ ಪ್ರಶ್ನಿಸಿದವರೂ ಒಂದು ವಸ್ತುವನ್ನು ಉಳಿಸಿಕೊಂಡದ್ದು ಅದರೊಡನೆ ದಿನದಿನದ ಹೊಣೆಯನ್ನು ಕಟ್ಟಿ. ಪವಿತ್ರತೆ ಹುಟ್ಟುವುದು ಮಾಡುವ ಕೈಯಲ್ಲೂ ಅಲ್ಲ, ವಸ್ತುವಿನಲ್ಲೂ ಅಲ್ಲ, ಹೊರುವ ಹೊಣೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಈ ಅಳತೆಯಲ್ಲಿ ನೋಡಿದರೆ ಹುಡುಗನ ಗದೆಯಲ್ಲಿ ತಪ್ಪಿಲ್ಲ. ಅವನು ಯಾರಿಗೂ ಅಪ್ಪಣೆ ಕೊಡುತ್ತಿಲ್ಲ, ಯಾರ ಸೇವೆಯನ್ನೂ ಕಸಿಯುತ್ತಿಲ್ಲ, ಹನುಮಂತನನ್ನು ಮೆಚ್ಚಿಕೊಂಡಿದ್ದಾನೆ. ಜಿಲ್ಲೆಯ ಹೆಣ್ಣುಮಕ್ಕಳು ಒನಕೆ ಹಿಡಿದು ಓಬವ್ವನಾಗಿ ನಿಲ್ಲುವುದೂ ಹಾಗೆಯೇ. ಚಿತ್ರದುರ್ಗದ ಕೋಟೆಗೆ ನುಸುಳಿದ ಹಗೆಗಳನ್ನು ಒನಕೆಯಲ್ಲೇ ತಡೆದ ಹದಿನೆಂಟನೇ ಶತಮಾನದ ಓಬವ್ವನ ಮುಖವನ್ನು ಕಂಡವರು ಯಾರೂ ಇಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ನಟಿ ಜಯಂತಿಯವರನ್ನು ಕೋಟೆಯ ಕಿಂಡಿಯ ಬಳಿ ನಿಲ್ಲಿಸಿದ ಮೇಲೆ ನಾಡಿಗೆ ಅದೇ ಅವಳ ರೂಪವಾಯಿತು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನ ಪೈಪಿಗೆ ಕಂದು ಬಣ್ಣ ಬಳಿದ ಒನಕೆ ಹಿಡಿದ ಹುಡುಗಿಗೆ, ಗಂಡನನ್ನು ಊಟದಿಂದ ಎಬ್ಬಿಸದೆ ತಾನೇ ಕಿಂಡಿಯ ಬಳಿ ನಿಂತವಳ ಕಥೆ ಗೊತ್ತಿದ್ದರೆ, ಒನಕೆ ಯಾವುದರಿಂದ ಆದದ್ದೆಂಬುದು ದೊಡ್ಡ ಮಾತಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ಧಾರ್ಮಿಕ ಪ್ರಶ್ನೆ ಬೇರೆಯದೇ ಇದೆ. ನಮ್ಮ ಪೂಜೆಯಲ್ಲಿ ಆವಾಹನೆಯ ಜೊತೆಗೇ ವಿಸರ್ಜನೆಯೂ ಇದೆ. ಮಣ್ಣಿನ ಗಣಪ ನೀರಲ್ಲಿ ಕರಗುತ್ತಾನೆ, ಬೆನಕನ ಸಗಣಿ ಗಿಡದ ಬುಡಕ್ಕೆ ಹೋಗುತ್ತದೆ. ಕರೆದವರು ಮರ್ಯಾದೆಯಿಂದ ಕಳಿಸಿಕೊಡುತ್ತಾರೆ. ಪಿಒಪಿ ಮೂರ್ತಿಗಳು ಕೆರೆಯಲ್ಲಿ ಕರಗದೆ ಕೈಕಾಲು ಮುರಿದು ಬಿದ್ದಿರುವುದನ್ನು ಕಂಡು ಸಂಕಟಪಡದ ಭಕ್ತರಿಲ್ಲ. ಪಿವಿಸಿಯೂ ಸ್ಪ್ರೇ ಬಣ್ಣವೂ ಕರಗುವವಲ್ಲ, ಸುಟ್ಟರೆ ವಿಷದ ಹೊಗೆ. ಒಮ್ಮೆ ಕುಂಕುಮ ಇಟ್ಟ ಗದೆಯನ್ನು ತಿಪ್ಪೆಗೆ ಎಸೆಯಲು ಮನಸ್ಸು ಬಾರದು, ನೀರಿಗೆ ಬಿಡುವುದು ಅಪರಾಧ. ಅದಕ್ಕೆ ಕುಂಕುಮ ಇಡಬಯಸುವ ಮನೆಯವರು ಅದನ್ನು ಕಾಪಾಡುವ ಹೊಣೆಯನ್ನೂ ಒಪ್ಪಿಕೊಂಡಂತೆ: ಮುಂದಿನ ವರ್ಷ ತಮ್ಮನಿಗೋ ಪಕ್ಕದ ಮನೆಯ ಹುಡುಗನಿಗೋ ಕೊಡಬೇಕು, ಇಲ್ಲವೇ ರಿವೆಟ್ ಬಿಚ್ಚಿ ಪೈಪು, ಚೆಂಡು, ತಗಡು ಬೇರೆ ಮಾಡಿ ಮತ್ತೆ ಬಳಕೆಗೆ ಹಚ್ಚಬೇಕು.

ಶಾಲೆಗಳು ಇದನ್ನು ಪಾಠವಾಗಿ ತೆಗೆದುಕೊಳ್ಳಬಹುದು. ಈಗ ಛದ್ಮವೇಷದಲ್ಲಿ ಬಹುಮಾನ ಬರುವುದು ಹೆಚ್ಚಾಗಿ ಹೊಳೆಯುವ ಬಾಡಿಗೆ ದಿರಿಸಿಗೆ. ಅದರ ಬದಲು ವೇಷ ಹಾಕಿದ ಮಗುವನ್ನು ಮೂರು ಮಾತು ಕೇಳಲಿ: ನೀನು ಯಾರಾಗಿ ಬಂದಿದ್ದೀಯ, ಅವರು ಏನು ಹೊತ್ತಿದ್ದರು? ಕೈಯಲ್ಲಿರುವುದನ್ನು ಯಾರು ಮಾಡಿದರು, ನೀನೆಷ್ಟು ಮಾಡಿದೆ? ನಾಳೆ ಇದನ್ನು ಏನು ಮಾಡುತ್ತೀಯ? ದೈವದ ವೇಷ ತೊಡಲು ಹೊರಟ ಮಗುವಿನ ಮನೆಯವರು ಮೊದಲ ಪ್ರಶ್ನೆಗೇ ನಿಂತು ಯೋಚಿಸುತ್ತಾರೆ. ಅಪ್ಪನ ಜೊತೆ ಬಯಲಲ್ಲಿ ಕೂತು ಪೈಪು ಕಾಯಿಸಿದ ಮಗು ಎರಡನೆಯದಕ್ಕೆ ಎದೆಯುಬ್ಬಿಸಿ ಉತ್ತರಿಸುತ್ತದೆ. ಇದಕ್ಕೆ ಇಲಾಖೆಯ ಸುತ್ತೋಲೆ ಕಾಯಬೇಕಿಲ್ಲ. ತೀರ್ಪುಗಾರರ ಅಂಕಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಗೀಚಿಕೊಂಡರೆ ಈ ವರ್ಷದಿಂದಲೇ ಶುರು ಮಾಡಬಹುದು.