ಎರಡನೇ ಸಲ ಬರುವ ಗಿರಾಕಿ

ಹಣ ಗಳಿಸುವ ಹೊಸ ದಾರಿಯೊಂದು ಕಣ್ಣಿಗೆ ಬಿದ್ದ ಕೂಡಲೇ ನಾವು ಕೇಳುವುದು ಮೂರು ಪ್ರಶ್ನೆ. ಎಷ್ಟು ಸಿಗುತ್ತದೆ? ಎಷ್ಟು ಹಾಕಬೇಕು? ಎಷ್ಟು ದಿನದಲ್ಲಿ ಬರುತ್ತದೆ? ಮೂರಕ್ಕೂ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕರೆ ಕೈ ಹಾಕಿಬಿಡುತ್ತೇವೆ. ಇವಕ್ಕಿಂತ ಮೊದಲು ಕೇಳಬೇಕಾದದ್ದು ಮಾತ್ರ ಕೇಳದೆಯೇ ಉಳಿಯುತ್ತದೆ: ಈ ಹಣ ಯಾರ ಜೇಬಿನಿಂದ ಬರುತ್ತದೆ, ಅವರು ಅದನ್ನು ಯಾಕೆ ಕೊಡುತ್ತಾರೆ? ಆನ್‌ಲೈನ್ ವ್ಯಾಪಾರದಲ್ಲಿ ಒಳ್ಳೆಯ ಅವಕಾಶ ಯಾವುದು, ಕೆಟ್ಟದ್ದು ಯಾವುದು ಎಂದು ತೋರಿಸಿಕೊಡುವುದು ಈ ಪ್ರಶ್ನೆಯೇ ಎಂಬುದು ನನ್ನ ವಾದ. ಜಾಣತನದ ಈ ಪ್ರಶ್ನೆಯೇ ನ್ಯಾಯದ ಪ್ರಶ್ನೆಯೂ ಹೌದು. ಲಾಭದ ಲೆಕ್ಕವನ್ನು ಒಂದು ಕಡೆ, ನ್ಯಾಯದ ಲೆಕ್ಕವನ್ನು ಇನ್ನೊಂದು ಕಡೆ ಇಟ್ಟು ನೋಡುವ ಅಭ್ಯಾಸದಿಂದಲೇ ಜನ ಮೋಸ ಹೋಗುತ್ತಾರೆ. ಎಷ್ಟೋ ಸಲ ತಮಗೇ ತಿಳಿಯದಂತೆ ಮೋಸ ಮಾಡುತ್ತಾರೆ ಕೂಡ.

ಸಂತೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಮೆಣಸಿನಕಾಯಿ ರಾಶಿಯ ಮುಂದೆ ಗಿರಾಕಿ ಕುಕ್ಕರಗಾಲಲ್ಲಿ ಕೂತು, ಒಂದು ಕಾಯಿ ಮುರಿದು, ಬೀಜ ನೋಡಿ, ಮೂಸಿ, ಚೌಕಾಶಿ ಮಾಡಿ ದುಡ್ಡು ಕೊಡುತ್ತಾರೆ. ಕೊಡುವವರ ಮುಖವೂ ಕೊಡುವ ಕಾರಣವೂ ವ್ಯಾಪಾರಿಯ ಎದುರಿಗೇ ಇರುತ್ತವೆ. ಮಾಲು ಚೆನ್ನಾಗಿರದಿದ್ದರೆ ಮುಂದಿನ ವಾರ ಅದೇ ಮುಖ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಫೋನಿನ ವ್ಯಾಪಾರದಲ್ಲಿ ಗಿರಾಕಿ ಎಂದರೆ ಒಂದು ಹೆಸರು, ಒಂದು ಪಿನ್‌ಕೋಡ್, ಒಂದು ಆರ್ಡರ್ ಸಂಖ್ಯೆ. ಹಣ ಬಂತು ಎಂಬುದು ತಿಳಿಯುತ್ತದೆ, ಯಾಕೆ ಬಂತು ಎಂಬುದು ತಿಳಿಯುವುದಿಲ್ಲ. ಸಂತೆ ತಾನಾಗಿ ಒದಗಿಸುತ್ತಿದ್ದ ತಿಳಿವಳಿಕೆಯನ್ನು ಇಲ್ಲಿ ಪಟ್ಟು ಹಿಡಿದು ಹುಡುಕಿಕೊಳ್ಳಬೇಕು.

ಹುಡುಕಿದರೆ ಎಷ್ಟು ಬೇಗ ಬಣ್ಣ ಬಯಲಾಗುತ್ತದೆ ಎಂಬುದಕ್ಕೆ ಬಹಳ ಜನರ ಫೋನಿಗೆ ಬಂದಿರುವ ಒಂದು ಸಂದೇಶವನ್ನೇ ನೋಡಿ. 'ಮನೆಯಲ್ಲೇ ಕೂತು ವಿಡಿಯೊಗಳಿಗೆ ಲೈಕ್ ಒತ್ತಿ, ಒಂದಕ್ಕೆ 50 ರೂಪಾಯಿ.' ಮೂರು ಲೈಕ್ ಒತ್ತಿದರೆ 150 ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಆಮೇಲೆ ಟೆಲಿಗ್ರಾಂ ಗುಂಪು. 'ಪ್ರೀಪೇಯ್ಡ್ ಟಾಸ್ಕ್' ಎಂದು ಮೊದಲು ಸಾವಿರ, ನಂತರ ಹತ್ತು ಸಾವಿರ, ನಂತರ ಲಕ್ಷ ಹಾಕಿಸುತ್ತಾರೆ. ಪರದೆಯ ಮೇಲೆ ಲಾಭ ಏರುತ್ತಲೇ ಇರುತ್ತದೆ. ಬಿಡಿಸಿಕೊಳ್ಳಲು ಹೋದರೆ 'ಮೊದಲು ತೆರಿಗೆ ಕಟ್ಟಿ' ಎಂಬ ಉತ್ತರ ಬರುತ್ತದೆ. ಯಾರೋ ಅಪರಿಚಿತರು ಒತ್ತಿದ ಒಂದು ಲೈಕಿನಿಂದ 50 ರೂಪಾಯಿಗಿಂತ ಹೆಚ್ಚು ಉಪಯೋಗ ಯಾರಿಗಾದರೂ ಆಗುತ್ತದೆಯೇ? ಇಲ್ಲ. ಹಾಗಿದ್ದ ಮೇಲೆ ಆ 150 ರೂಪಾಯಿ ಕೂಲಿಯಲ್ಲ, ನಮ್ಮ ನಂಬಿಕೆಯನ್ನು ಕೊಳ್ಳಲು ಅವರು ಮಾಡಿದ ಖರ್ಚು. ಪೊಲೀಸರಿಗೂ ಮೊದಲೇ, ಯಾವ ತಾಂತ್ರಿಕ ಜ್ಞಾನವೂ ಇಲ್ಲದೆ, ಇದನ್ನು ಯಾರಾದರೂ ಕಂಡುಕೊಳ್ಳಬಹುದು.

ನೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. 1920ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪಾಂಜಿ ಎಂಬಾತ 45 ದಿನಕ್ಕೆ ಶೇ 50ರಷ್ಟು ಲಾಭ ಕೊಡುವುದಾಗಿ ಹೇಳಿ ಸಾವಿರಾರು ಜನರಿಂದ ಹಣ ಎತ್ತಿದ. ಅಂತರರಾಷ್ಟ್ರೀಯ ಅಂಚೆ ಕೂಪನ್‌ಗಳನ್ನು ಬೇರೆ ದೇಶಗಳಲ್ಲಿ ಅಗ್ಗಕ್ಕೆ ಕೊಂಡು ಅಮೆರಿಕದಲ್ಲಿ ಹೆಚ್ಚು ಬೆಲೆಯ ಅಂಚೆಚೀಟಿಗೆ ಬದಲಾಯಿಸಿಕೊಳ್ಳುತ್ತೇನೆ ಎಂಬುದು ಅವನ ವಿವರಣೆ. ಕೇಳಲು ಸರಿಯಾಗಿಯೇ ಇತ್ತು. ಕ್ಲಾರೆನ್ಸ್ ಬ್ಯಾರನ್ ಎಂಬ ಪತ್ರಕರ್ತರು ಕೂತು ಲೆಕ್ಕ ಹಾಕಿದರು: ಈ ವ್ಯವಹಾರ ನಿಜವಾಗಿದ್ದರೆ 16 ಕೋಟಿ ಕೂಪನ್ ಚಲಾವಣೆಯಲ್ಲಿರಬೇಕು, ಇದ್ದದ್ದು ಸುಮಾರು 27,000. ಹಳಬರಿಗೆ ಕೊಡುತ್ತಿದ್ದ ಲಾಭ ಹೊಸಬರು ತಂದು ಹಾಕಿದ ಹಣವೇ ಆಗಿತ್ತು. ನಮ್ಮ ದೇಶ 1978ರಲ್ಲೇ ಹಣ ಚಲಾವಣೆ ಯೋಜನೆಗಳನ್ನು ಕಾನೂನು ತಂದು ನಿಷೇಧಿಸಿತು. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳಿಗೂ ಬಾಗಿಲು ಹಾಕಿದವು. ಆ ಕಾನೂನುಗಳ ಹಿಂದಿರುವ ತರ್ಕವೂ ಬ್ಯಾರನ್ ಅವರದೇ: ಇದು ಮಾಲು ಮಾರಿ ಬಂದ ಹಣವೋ, ಜನರನ್ನು ಸೇರಿಸಿ ಬಂದ ಹಣವೋ?

ಕಾನೂನಿಗೆ ಸಿಕ್ಕಿಬೀಳುವ ಮೋಸವನ್ನು ಗುರುತಿಸುವುದು ಸುಲಭ. ಕಾನೂನು ಒಪ್ಪಿದ ದಾರಿಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು, ಕಳೆದುಕೊಂಡ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿತು. ಆದರೂ ಆ ವಹಿವಾಟನ್ನು ಕಲಿಸುವ ಕೋರ್ಸುಗಳಿಗೆ, ಟಿಪ್ಸ್ ಗುಂಪುಗಳಿಗೆ ಜನ ಸೇರುತ್ತಲೇ ಇದ್ದಾರೆ. ಕಲಿಸುವುದು ಗೌರವದ ಕೆಲಸ, ಅದಕ್ಕೆ ಸಂಭಾವನೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ 'ತಿಂಗಳಿಗೆ ಲಕ್ಷ ಗಳಿಸಿ' ಎಂದು ಕಲಿಸುವವರ ಸಂಪಾದನೆ ಆ ವಿದ್ಯೆಯಿಂದ ಬರುತ್ತಿದೆಯೋ, ಕಲಿಯಲು ಬಂದವರ ಶುಲ್ಕದಿಂದಲೇ ಬರುತ್ತಿದೆಯೋ ಎಂದು ಕೇಳಬೇಕು. ಎರಡನೆಯದಾಗಿದ್ದರೆ, ಆ ವ್ಯಾಪಾರ ನಿಂತಿರುವುದು ವಿದ್ಯಾರ್ಥಿಯ ಯಶಸ್ಸಿನ ಮೇಲಲ್ಲ, ಆಸೆಯ ಮೇಲೆ.

ಇಲ್ಲಿಗೆ ನನ್ನ ಒರೆಗಲ್ಲನ್ನು ಸ್ಪಷ್ಟವಾಗಿ ಹೇಳಬಹುದು. ನನ್ನ ಮಾಲಿನ ಬಗ್ಗೆ, ನನ್ನ ಬೆಲೆಯ ಬಗ್ಗೆ, ನನ್ನ ಲಾಭದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಗಿರಾಕಿಗೂ ಗೊತ್ತಾದರೆ, ಆಗಲೂ ಅವರು ಹಣ ಕೊಡುತ್ತಾರೆಯೇ? ಕೊಡುತ್ತಾರೆ ಎಂದಾದರೆ ಅದು ಅವಕಾಶ. ಕೊಡುವುದಿಲ್ಲ ಎಂದಾದರೆ ನಾನು ಮಾರುತ್ತಿರುವುದು ಅವರ ಅರಿವಿನ ಕೊರತೆಯನ್ನು.

ಗಿರಾಕಿಯ ಮನಸ್ಸಿನೊಳಗೆ ಇಣುಕಿ ನೋಡುವುದು ಹೇಗೆ ಎಂದು ಕೇಳಬಹುದು. ಇಣುಕಬೇಕಾಗಿಲ್ಲ, ಎರಡನೇ ಆರ್ಡರ್ ನೋಡಿದರೆ ಸಾಕು. ಮೊದಲನೇ ಸಲ ಹಣ ಕೊಡುವವರು ನಮ್ಮ ಮಾತನ್ನು ನಂಬಿ ಕೊಡುತ್ತಾರೆ, ಎರಡನೇ ಸಲ ನಮ್ಮ ಮಾಲನ್ನು ನಂಬಿ. ಅಷ್ಟರಲ್ಲಿ ಡಬ್ಬಿ ತೆರೆದಿದ್ದಾರೆ, ರುಚಿ ನೋಡಿದ್ದಾರೆ, ಕೊಟ್ಟ ಬೆಲೆಯೊಂದಿಗೆ ತೂಗಿ ನೋಡಿದ್ದಾರೆ.

ಇದು ಬರೀ ಆದರ್ಶದ ಮಾತಲ್ಲ ಎಂದು ತೋರಿಸಲು ಒಂದು ಮನೆ ಉದ್ಯೋಗದ ಲೆಕ್ಕ ಹಾಕೋಣ. ವಿಜಯಪುರದ ಕಡೆಯ ಒಂದು ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ ಎಂದುಕೊಳ್ಳಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ, ಬೇರೆ ರಾಜ್ಯಕ್ಕೂ ಕಳಿಸಬೇಕೆಂದು ಜಿಎಸ್‌ಟಿ ಸಂಖ್ಯೆಯೂ ಆಗಿದೆ. ಅರ್ಧ ಕೆ.ಜಿ. ಡಬ್ಬಿಗೆ ತೆರಿಗೆ ಬಿಟ್ಟು 250 ರೂಪಾಯಿ. ಶೇಂಗಾ, ಖಾರ, ಬೆಳ್ಳುಳ್ಳಿ, ಗ್ಯಾಸ್ ಸೇರಿ 110; ಡಬ್ಬಿ, ಪ್ಯಾಕಿಂಗ್ 20; ಮಾರುವ ಆ್ಯಪಿನ ಕಮಿಷನ್ ಮತ್ತು ಶುಲ್ಕ 40; ಕೊರಿಯರ್ 60. ಉಳಿಯುವುದು 20 ರೂಪಾಯಿ. ಹತ್ತು ಆರ್ಡರ್ ಬಂದವು ಎಂದು ಮನೆಯವರಿಗೆಲ್ಲ ಸಂತೋಷ. ಅದರಲ್ಲಿ ಒಂದು ಕ್ಯಾಶ್ ಆನ್ ಡೆಲಿವರಿ ಪಾರ್ಸೆಲನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದರು. ಒಂಬತ್ತರಿಂದ ಬಂದ ಲಾಭ 180. ವಾಪಸ್ ಬಂದ ತಿನಿಸನ್ನು ಮತ್ತೆ ಮಾರುವಂತಿಲ್ಲ. ಪದಾರ್ಥಕ್ಕೆ 110, ಪ್ಯಾಕಿಂಗ್‌ಗೆ 20, ಹೋಗಲು 60, ಬರಲು 60, ಒಟ್ಟು 250 ಹೋಯಿತು. ಹತ್ತು ಆರ್ಡರಿನ ಕೊನೆಗೆ 70 ರೂಪಾಯಿ ನಷ್ಟ. ಶೇಂಗಾ ಹುರಿದು ಸಿಪ್ಪೆ ತೆಗೆದು ಕುಟ್ಟಿದ ಕೈಗಳ ಕೂಲಿ, ಜಾಹೀರಾತಿನ ಖರ್ಚು ಇನ್ನೂ ಇದರಲ್ಲಿ ಸೇರಿಲ್ಲ.

ಈಗ ಅದೇ ಡಬ್ಬಿ ಎರಡನೇ ಸಲ ಬಂದ ಗಿರಾಕಿಗೆ ಹೋಗುವುದನ್ನು ನೋಡಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಉತ್ತರ ಕರ್ನಾಟಕದ ಕುಟುಂಬ ಅದು. ರೊಟ್ಟಿಯ ಜತೆ ತಿಂದು ನೋಡಿದೆ, ತಮ್ಮ ಮನೆಯ ರುಚಿಯೇ ಇದು ಎಂದು ಒಪ್ಪಿದೆ. ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿ, ಮೊದಲೇ ಯುಪಿಐನಲ್ಲಿ ಹಣ ಹಾಕಿ ತರಿಸಿಕೊಳ್ಳುತ್ತದೆ. ಕಮಿಷನ್ ಇಲ್ಲ, ವಾಪಸ್ ಬರುವ ಭಯ ಇಲ್ಲ. ಉಳಿಯುವುದು 60 ರೂಪಾಯಿ. ಹತ್ತು ಡಬ್ಬಿಗೆ 600. ಮಾಲು ಅದೇ, ಬೆಲೆ ಅದೇ, ದುಡಿಮೆ ಅದೇ. ಬದಲಾದದ್ದು ಕೊಳ್ಳುವವರ ಅರಿವು ಮಾತ್ರ. ಅರಿಯದವರಿಗೆ ಮಾರಿದಾಗ ನಷ್ಟ ತಂದ ವ್ಯಾಪಾರ ಅರಿತವರಿಗೆ ಮಾರಿದಾಗ ಸಂಸಾರ ನಡೆಸುತ್ತದೆ. ಅರಿವಿಲ್ಲದವರಿಂದ ಬರುವ ಆದಾಯಕ್ಕೆ ದಿನವೂ ಹೊಸ ಅರಿವಿಲ್ಲದವರನ್ನು ಹುಡುಕಬೇಕು, ಅದಕ್ಕೆ ದಿನವೂ ಜಾಹೀರಾತಿನ ಹಣ ಸುರಿಯಬೇಕು. ಅರಿತವರಿಂದ ಬರುವ ಆದಾಯಕ್ಕೆ ಆ ಖರ್ಚಿಲ್ಲ. ನ್ಯಾಯವೂ ಜಾಣತನವೂ ಒಂದೇ ದಾರಿಯಲ್ಲಿ ಸಾಗುವುದು ಹೀಗೆ.

ಆದ್ದರಿಂದಲೇ ಮಾರುವವರಿಗೆ ಅತಿ ದೊಡ್ಡ ಅಪಾಯ ಬರುವುದು ಪ್ರತಿಸ್ಪರ್ಧಿಯಿಂದಲ್ಲ, ಗಿರಾಕಿಯ ಅರಿವನ್ನು ಮಸುಕು ಮಾಡುವ ಆಮಿಷದಿಂದ. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಸೂಚನೆ, ಮೊದಲು ಒಂದು ಬೆಲೆ ತೋರಿಸಿ ಕೊನೆಯಲ್ಲಿ ಶುಲ್ಕಗಳನ್ನು ಸೇರಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಹಾಕುವುದು: ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ತಡೆಯಿತು. ಇವುಗಳಿಂದ ಮೊದಲನೇ ಆರ್ಡರ್ ಹೆಚ್ಚುತ್ತದೆ ಎಂಬುದು ನಿಜ. ಆದರೆ ಇವೆಲ್ಲದರ ಗುರಿ ಒಂದೇ, ಗಿರಾಕಿ ಯೋಚಿಸುವುದಕ್ಕೆ ಮೊದಲೇ ಹಣ ಪಡೆಯುವುದು. ಯೋಚಿಸಿದ್ದರೆ ಕೊಡುತ್ತಿರಲಿಲ್ಲ ಎಂದು ಮಾರುವವರೇ ಒಪ್ಪಿಕೊಂಡಂತಾಯಿತು.

ನನ್ನ ವಾದಕ್ಕೆ ಎದುರಾಗಿ ಒಂದು ಹಳೆಯ ಗ್ರೀಕ್ ಕತೆಯನ್ನು ಮುಂದಿಡಬಹುದು. ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ಹೇಳುವ ಥೇಲ್ಸ್ ತತ್ವಜ್ಞಾನಿಯ ಕತೆ ಅದು. ಆಕಾಶವನ್ನು ಗಮನಿಸಿ ಬರುವ ವರ್ಷ ಆಲಿವ್ ಬೆಳೆ ಚೆನ್ನಾಗಿ ಬರುತ್ತದೆ ಎಂದು ಥೇಲ್ಸ್ ತಿಳಿದ. ಚಳಿಗಾಲದಲ್ಲೇ ಸ್ವಲ್ಪ ಮುಂಗಡ ಕೊಟ್ಟು ಮಿಲೆಟಸ್ ಮತ್ತು ಕಿಯೋಸ್‌ನ ಎಣ್ಣೆ ಗಾಣಗಳನ್ನೆಲ್ಲ ಬಾಡಿಗೆಗೆ ಹಿಡಿದ. ಸುಗ್ಗಿ ಬಂದಾಗ ಎಲ್ಲರಿಗೂ ಗಾಣ ಬೇಕಾಯಿತು; ತಾನು ಹೇಳಿದ ದರಕ್ಕೆ ಬಿಟ್ಟು ಬಹಳ ಹಣ ಮಾಡಿದ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರದಿದ್ದರೆ ತಾನೇ ಲಾಭ? ಎಲ್ಲರಿಗೂ ಎಲ್ಲವೂ ತಿಳಿದರೆ ವ್ಯಾಪಾರ ಎಲ್ಲಿರುತ್ತದೆ?

ಈ ಆಕ್ಷೇಪದಲ್ಲಿ ತಿರುಳಿದೆ. ಚಳಿಗಾಲದ ಥೇಲ್ಸ್‌ನನ್ನು ನಾನು ಒಪ್ಪುತ್ತೇನೆ. ಗಾಣದ ಮಾಲೀಕರಿಗೆ ತಾವು ಕೊಡುತ್ತಿರುವುದು ಏನೆಂದು ಗೊತ್ತಿತ್ತು. ಬೆಳೆ ಬಾರದಿದ್ದರೆ ಮುಂಗಡ ಕಳೆದುಕೊಳ್ಳುವ ಹೊಣೆಯನ್ನು ಥೇಲ್ಸ್ ಹೊತ್ತ. ನಾಳೆಯ ಬಗ್ಗೆ ಹೆಚ್ಚು ಬಲ್ಲವರು ಲಾಭ ಪಡೆಯುವುದು ಬೇರೆ, ಮಾಲಿನ ಬಗ್ಗೆ ಕೊಳ್ಳುವವರನ್ನು ಕತ್ತಲಲ್ಲಿಡುವುದು ಬೇರೆ. ನನಗೆ ತೊಡಕಾಗುವುದು ಸುಗ್ಗಿಯ ಥೇಲ್ಸ್. ಆಗ ಹಣ ಕೊಟ್ಟವರಿಗೆ ಎಲ್ಲವೂ ತಿಳಿದಿತ್ತು, ಆದರೆ ಹೋಗಲು ಬೇರೆ ಗಾಣ ಇರಲಿಲ್ಲ. ಅರಿಸ್ಟಾಟಲ್ ಕೂಡ ಇದನ್ನು ಏಕಸ್ವಾಮ್ಯದ ಉಪಾಯ ಎಂದೇ ಗುರುತಿಸುತ್ತಾನೆ. ಆದ್ದರಿಂದ ಒರೆಗಲ್ಲಿಗೆ ಇನ್ನೊಂದು ಮಾತು ಸೇರಿಸಬೇಕು: ಗಿರಾಕಿ ತಿಳಿದು ಕೊಡಬೇಕು, ಬೇರೆ ದಾರಿ ಇದ್ದೂ ಕೊಡಬೇಕು.

ಈ ತಿದ್ದುಪಡಿ ಇವತ್ತಿನ ಸಣ್ಣ ವ್ಯಾಪಾರಿಗೆ ನೇರವಾಗಿ ತಟ್ಟುತ್ತದೆ. ದೊಡ್ಡ ಮಾರಾಟದ ಆ್ಯಪ್‌ಗಳೇ ಈಗಿನ ಗಾಣಗಳು. ಅಲ್ಲಿ ಕಮಿಷನ್ ಎಷ್ಟೆಂದು ವ್ಯಾಪಾರಿಗೆ ಗೊತ್ತಿದೆ; ಆದರೆ ಗಿರಾಕಿಗಳೆಲ್ಲ ಅಲ್ಲೇ ಇರುವಾಗ ಬೇರೆಡೆ ಹೋಗುವುದು ಎಲ್ಲಿಗೆ? ಯಾವುದೇ ಒಂದು ಕಂಪನಿಯ ಹಿಡಿತವಿಲ್ಲದ ಆನ್‌ಲೈನ್ ಮಾರಾಟದ ಮುಕ್ತ ಜಾಲವಾಗಿ ಒಎನ್‌ಡಿಸಿಯನ್ನು 2021ರ ಕೊನೆಗೆ ಸರ್ಕಾರ ಹುಟ್ಟುಹಾಕಿದ್ದು ಈ ಕೊರತೆಯನ್ನು ಕಂಡೇ. ಮನೆಯ ಡಬ್ಬಿಯ ಮೇಲೆ ಸ್ವಂತ ನಂಬರ್ ಅಚ್ಚು ಹಾಕಿಸುವುದೂ ಅದೇ ಸ್ವಾತಂತ್ರ್ಯದ ಕಡೆಗೆ ಇಡುವ ಸಣ್ಣ ಹೆಜ್ಜೆ. ಆ್ಯಪಿನಲ್ಲಿ ಮಾರಬಾರದು ಎಂದಲ್ಲ. ಅದೊಂದೇ ಬಾಗಿಲಾಗಿದ್ದರೆ ಆ ವ್ಯಾಪಾರ ಇನ್ನೂ ನಮ್ಮದಾಗಿಲ್ಲ ಎಂದು ತಿಳಿಯಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು. ಕೈಯಲ್ಲಿ ಕೆಲಸವಿಲ್ಲದವರಿಗೆ, ಸಾಲ ತಲೆಯ ಮೇಲಿರುವವರಿಗೆ ಇಷ್ಟೆಲ್ಲ ಯೋಚಿಸುತ್ತ ಕೂರಲು ಆಗುತ್ತದೆಯೇ? ಬಂದದ್ದನ್ನು ಹಿಡಿಯುವುದೇ ಅವರಿಗೆ ಅನಿವಾರ್ಯವಲ್ಲವೇ? ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸುಳ್ಳು ಅವಕಾಶಗಳು ಹುಡುಕಿಕೊಂಡು ಹೋಗುವುದು ಅಂಥ ಮನೆಗಳನ್ನೇ. ಇದ್ದವರು ಒಂದು ಲಕ್ಷ ಕಳೆದುಕೊಂಡು ಸುಧಾರಿಸಿಕೊಳ್ಳುತ್ತಾರೆ, ಇಲ್ಲದವರ ತಾಳಿಯ ಚಿನ್ನವೇ ಹೋಗುತ್ತದೆ. ಯಾರ ಜೇಬಿನಿಂದ, ಯಾಕೆ ಎಂಬ ಪ್ರಶ್ನೆಗೆ ದುಡ್ಡು ಬೇಡ, ಇಂಗ್ಲಿಷ್ ಬೇಡ. ಬಡವರಿಗೆ ಅದು ಹೊರೆಯಲ್ಲ, ಆಸರೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಈ ಪ್ರಶ್ನೆಯನ್ನು ಬಡತನದ ನಡುವೆಯೇ ನಿಂತು ಕೇಳಿದವರು ಆಯ್ದಕ್ಕಿ ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬರುವಂತೆ ಕಳಿಸಿದರು. ಇದನ್ನು ಆಸೆಯ ವಿರುದ್ಧದ ಪಾಠವಾಗಿ ನಾವು ಓದುತ್ತ ಬಂದಿದ್ದೇವೆ. ಅದರಲ್ಲಿ ಲೆಕ್ಕದ ನಿಖರತೆಯೂ ಇದೆ ಎಂದು ನನಗೆ ಕಾಣುತ್ತದೆ. ದಿನದ ದುಡಿಮೆಗೆ ಎಷ್ಟು ಅಕ್ಕಿ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ದುಡಿಮೆ ಹೆಚ್ಚದೆ ಅಕ್ಕಿ ಹೆಚ್ಚಿದ್ದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು. ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರು ಎಂದು ಕತೆ ಹೇಳುತ್ತದೆ. ಕಾರಣ ತಿಳಿಯದ ಗಳಿಕೆಯನ್ನು, ಅದು ಸಜ್ಜನರ ಅಂಗಳದಿಂದ ಬಂದದ್ದಾದರೂ, ಲಕ್ಕಮ್ಮ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಮೋಸದಿಂದ ಶ್ರೀಮಂತರಾಗಿ ಸುಖವಾಗಿ ಬಾಳಿದವರು ಇಲ್ಲವೇ ಎಂದು ಕೇಳಿದರೆ, ಇದ್ದಾರೆ. ಜಾಣತನವೂ ನ್ಯಾಯವೂ ಎಲ್ಲ ಕಾಲದಲ್ಲೂ ಜತೆಯಾಗಿ ನಡೆಯುತ್ತವೆ ಎಂದು ನಾನು ಹೇಳಲಾರೆ. ಸಣ್ಣ ಬಂಡವಾಳದವರ ಬದುಕಿನಲ್ಲಿ ಬಹುಪಾಲು ಜತೆಯಾಗಿ ನಡೆಯುತ್ತವೆ ಎಂದಷ್ಟೇ ಹೇಳಬಲ್ಲೆ. ಅವು ಬೇರೆಯಾಗುವ ಕಡೆ ನ್ಯಾಯದ ಪಕ್ಕ ನಿಲ್ಲಬೇಕು, ಏಕೆಂದರೆ ಪಿನ್‌ಕೋಡಿನ ಆಚೆ ಇರುವವರೂ ನಮ್ಮ ಹಾಗೆ ದುಡಿದು ತಂದ ಹಣವನ್ನೇ ಕೊಡುತ್ತಿದ್ದಾರೆ. ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಹೊಸ ಅವಕಾಶ ಬಂದಾಗ ಹಣ ಕೊಡುವವರು ಯಾರು, ಯಾಕೆ ಕೊಡುತ್ತಾರೆ, ಎಲ್ಲ ತಿಳಿದರೂ ಕೊಡುತ್ತಾರೆಯೇ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಅದರಲ್ಲಿ ಒಂದು ರೂಪಾಯಿಯನ್ನೂ ಹಾಕಬೇಡಿ. ವ್ಯಾಪಾರ ಶುರುವಾದ ಮೇಲೆ ತಿಂಗಳ ಕೊನೆಗೆ ಒಟ್ಟು ಮಾರಾಟದ ಪಕ್ಕದಲ್ಲಿ ಎರಡನೇ ಸಲ ಬಂದವರು ಎಷ್ಟು ಎಂಬುದನ್ನೂ ಬರೆಯಿರಿ. ಮೊದಲನೇ ಅಂಕಿ ಏರುತ್ತ ಎರಡನೆಯದು ಇಳಿಯುತ್ತಿದ್ದರೆ ಜಾಹೀರಾತು ಹೆಚ್ಚಿಸುವ ಬದಲು ಮಾರಾಟ ನಿಲ್ಲಿಸಿ, ಮಾಲು ಸರಿಮಾಡಿ. ನಾವು ಗಳಿಸುತ್ತಿದ್ದೇವೆಯೋ ಕಸಿಯುತ್ತಿದ್ದೇವೆಯೋ ಎಂದು ಹೇಳಬಲ್ಲವರು ಮತ್ತೆ ಬಂದ ಆ ಗಿರಾಕಿಗಳೇ.